‘24 ತಾಸು ನೀರು’ ಎಂದು ಅಚ್ಚು ಹಾಕಿಸಿದ್ದೇ ನನ್ನ ತಪ್ಪು

ರಸ್ತೆ, ನೀರು, ಕಸ, ಉದ್ಯಾನ, ವಾಹನ ದಟ್ಟಣೆ ಇವುಗಳಲ್ಲಿ ಪಾಲಿಕೆಯ ಅಭ್ಯರ್ಥಿ ಯಾವುದನ್ನು ಕರಪತ್ರದಲ್ಲಿ ಮೊದಲು ಬರೆಯಬೇಕೆಂದು ಕೇಳಿದ್ದೀರಿ. 2021ರಲ್ಲಿ ಬೆಳಗಾವಿಯ ಮುದ್ರಣಾಲಯವೊಂದರಲ್ಲಿ ಕುಳಿತು ನಾನೂ ಇದೇ ಪಟ್ಟಿಯನ್ನು ಮೇಲೆ ಕೆಳಗೆ ಮಾಡಿದ್ದೆ.

ಆ ಸೆಪ್ಟೆಂಬರ್ 3ರಂದು ನಮ್ಮ 58 ವಾರ್ಡುಗಳಿಗೆ ಮತದಾನವಾಯಿತು. ಅಲ್ಲಿಯವರೆಗೆ ಭಾಷೆಯ ಗುಂಪುಗಳ ನಡುವೆ ನಡೆಯುತ್ತಿದ್ದ ಚುನಾವಣೆ ಮೊದಲ ಬಾರಿಗೆ ಪಕ್ಷಗಳ ಚಿಹ್ನೆಯ ಮೇಲೆ ನಡೆಯಿತು. ಪಕ್ಷೇತರನಾಗಿ ನಿಂತಿದ್ದ ನಾನು, ಚಿಹ್ನೆಯ ಬಲವಿಲ್ಲದವನು ದೊಡ್ಡ ಮಾತನ್ನೇ ಆಡಬೇಕೆಂದು ನಂಬಿ, ‘ಪ್ರತಿ ಮನೆಗೆ 24 ತಾಸು ನೀರು’ ಎಂದು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿಸಿದೆ.

ನಾನು ಸೋತದ್ದು ಆ ಸಾಲಿನಿಂದಲೇ ಎಂದು ಇಂದಿಗೂ ನಂಬಿದ್ದೇನೆ. ಬೆಳಗಾವಿಯ 10 ವಾರ್ಡುಗಳಿಗೆ 2008ರಿಂದಲೇ ನಿರಂತರ ನೀರು ಬರುತ್ತಿತ್ತು. ಉಳಿದವರು ಅದನ್ನು ನೋಡುತ್ತ, ನಮಗೂ ಬರುತ್ತದೆಂಬ ಮಾತನ್ನು ಹದಿಮೂರು ವರ್ಷ ಕೇಳಿದ್ದರು. ಅದನ್ನು ಇಡೀ ನಗರಕ್ಕೆ ವಿಸ್ತರಿಸುವುದು ವಿಶ್ವಬ್ಯಾಂಕಿನ ನೆರವಿನ ರಾಜ್ಯ ಸರ್ಕಾರದ ಯೋಜನೆ. ರಕ್ಕಸಕೊಪ್ಪದಿಂದ, ಹಿಡಕಲ್ ಜಲಾಶಯದಿಂದ ಎಷ್ಟು ನೀರು ಎತ್ತಬೇಕೆಂಬುದು ಒಬ್ಬ ನಗರಸೇವಕನ ಮಾತಿನಿಂದ ತೀರ್ಮಾನವಾಗುವುದಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ, ನನ್ನ ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆಂದು ಬರೆದೆ.

ಪ್ರಚಾರದ ಕೊನೆಯ ವಾರ, ವಡಗಾವಿಯ ಏರುಗಲ್ಲಿಯೊಂದರ ತುದಿಮನೆಯಲ್ಲಿ ಮಗ್ಗ ನಡೆಸುವ ಹಿರಿಯ ಹೆಣ್ಣುಮಗಳು ಕರಪತ್ರವನ್ನು ಓದಿಸಿಕೊಂಡು, ಮಡಚಿ ನನ್ನ ಕೈಗೇ ಕೊಟ್ಟರು. “ಮಗ್ಗಾ ನಿಲ್ಸಿ ನಳದ ಮುಂದ ಕುಂದರ್ತೀನ್ರಿ ಸಾಹೇಬ್ರ. ಇಪ್ಪತ್ನಾಕ ತಾಸ ನನಗ ಬ್ಯಾಡ. ನೀರು ನಾಳೆ ಬರತೈತೋ ನಾಡದ ಬರತೈತೋ, ಅಷ್ಟ ಹೇಳ್ರಿ ಸಾಕ.” ಅವರ ಹಿಂದೆ ನಾಲ್ಕು ಖಾಲಿ ಕೊಡಗಳು, ಒಂದು ನೀಲಿ ಬ್ಯಾರಲ್ ಇದ್ದವು. ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಯಾವ ಗಲ್ಲಿಗೆ ಯಾವ ದಿನ ನೀರು ಬಿಡುತ್ತಾರೆಂದು ನಾನು ಒಮ್ಮೆಯೂ ಕೇಳಿ ತಿಳಿದಿರಲಿಲ್ಲ.

ಸೋತ ಮೇಲೆ ಕೇಳಿದೆ. ವಾಲ್ವ್ ತಿರುಗಿಸುವವರ ಜೊತೆ ಹಲವು ಬೆಳಗ್ಗೆ ಅಡ್ಡಾಡಿದಾಗ, ಕೆಳಗಿನ ಮನೆಗಳವರು ನಳಕ್ಕೇ ನೇರವಾಗಿ ಮೋಟರ್ ಹಚ್ಚುವುದರಿಂದ ಏರಿನ ಮನೆಗಳಿಗೆ ಕೊನೆಯ ಅರ್ಧ ತಾಸು ಮಾತ್ರ ನೀರು ಹತ್ತುತ್ತದೆಂದು ತಿಳಿಯಿತು. ಏರಿನ ಗಲ್ಲಿಗೆ ಮೊದಲು ಬಿಡಿರಿ ಎಂದು ವಿನಂತಿಸಿಕೊಂಡೆ. ನೀರಿನ ದಿನವನ್ನು ಹಿಂದಿನ ಸಂಜೆಯೇ ಗುಡಿಯ ಕಟ್ಟೆಯ ಹಲಗೆಯ ಮೇಲೆ ಬರೆಯುವ ವ್ಯವಸ್ಥೆಯಾಯಿತು. ಇದಕ್ಕೆ ಅನುದಾನವೂ ಬೇಕಾಗಲಿಲ್ಲ, ಗೆಲುವೂ ಬೇಕಾಗಲಿಲ್ಲ.

ಆದ್ದರಿಂದ ಯಾವುದು ಮೊದಲು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಂವಿಧಾನದ 12ನೇ ಅನುಸೂಚಿ ನಗರಾಡಳಿತಕ್ಕೆ 18 ವಿಷಯಗಳನ್ನು ಹೆಸರಿಸಿದ್ದರೂ ಅವೆಲ್ಲದರ ಅಧಿಕಾರ ನಗರಸೇವಕನ ಕೈಗೆ ಬಂದಿಲ್ಲ. ವಾಹನ ದಟ್ಟಣೆಯನ್ನು ಪಟ್ಟಿಯಿಂದ ಇಂದೇ ತೆಗೆಯಿರಿ. ಅದು ಹೆಚ್ಚಾಗಿ ಪೊಲೀಸರ ಕೆಲಸ, ನಗರ ಸಾರಿಗೆ ಬಸ್ಸುಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರಿದವು. ಕಸದ ಗಾಡಿ ಬರುವ ವೇಳೆ, ಗಟಾರದ ಹೂಳು, ಬೀದಿದೀಪ ಇವುಗಳ ಬೆನ್ನು ಹತ್ತಿರಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಗೆದ್ದರೆ ಅದರ ಸಭೆಯನ್ನು ತಪ್ಪದೆ ಕರೆಯುತ್ತೇನೆಂಬ ಮಾತೊಂದನ್ನು ಧೈರ್ಯವಾಗಿ ಬರೆಯಬಹುದು.

ಮುದ್ರಣಾಲಯಕ್ಕೆ ಹೋಗುವ ಮುನ್ನ ಒಂದು ತಿಂಗಳು ವಹಿ ಹಿಡಿದು ಪ್ರತಿ ಗಲ್ಲಿಯ ತುದಿಮನೆಯವರೆಗೆ ನಡೆಯಿರಿ, ನೀರು ಬಿಡುವ ಹೊತ್ತಿನಲ್ಲೇ ಹೋಗಿರಿ.