ಆರು ತಿಂಗಳು ಅಮೆರಿಕಕ್ಕೆ ಹೊರಟವರು ಮೊದಲು ಊರಿನ ನಂಬರ್ ನೋಡಿಕೊಳ್ಳಿ

ಮಗಳ ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಆರು ತಿಂಗಳು ಅಮೆರಿಕಕ್ಕೆ ಹೊರಟಿದ್ದೀರಿ. ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳುವುದಾ, ಫೋನಿನೊಳಗೇ ಇಳಿಸಿಕೊಳ್ಳುವ ಇ-ಸಿಮ್ಮಾ, ಅಲ್ಲಿಗೆ ಹೋಗಿ ಸಿಮ್ ಕೊಳ್ಳುವುದಾ, ಯಾವುದು ಅಗ್ಗ ಅಂತ ಕೇಳಿದ್ದೀರಿ. ಓದಿ ಎದೆ ಝಲ್ಲೆಂದಿತು. 2023ರ ಫೆಬ್ರವರಿಯಲ್ಲಿ ನಾನೂ ಸಿಕ್ಕ ಸಿಕ್ಕವರನ್ನೆಲ್ಲ ಇದನ್ನೇ ಕೇಳಿದ್ದೆ. ಅಳಿಯ ಒಂದು ಹೇಳಿದ, ತಂಗಿಯ ಮಗ ಇನ್ನೊಂದು ಹೇಳಿದ, ಟಿಕೆಟ್ ಮಾಡಿಸಿಕೊಟ್ಟವರು ಮತ್ತೊಂದು ಹೇಳಿದರು. ನಿಮ್ಮ ಇಲ್ಲಿನ ನಂಬರ್ ಏನು ಮಾಡುತ್ತೀರಿ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ನಾನು ಸಾಗರದವಳು, ಪ್ರೈಮರಿ ಶಾಲೆಯ ಟೀಚರ್ ಆಗಿ ನಿವೃತ್ತಿಯಾದವಳು. ನಮ್ಮನೆಯವರು ತೀರಿಕೊಂಡ ಮೇಲೆ ಬ್ಯಾಂಕು, ಗ್ಯಾಸು, ಕರೆಂಟ್ ಬಿಲ್ಲು ಎಲ್ಲ ನಾನೇ ಫೋನಿನಲ್ಲಿ ಮಾಡಲು ಕಲಿತಿದ್ದೆ. ಹೊರಡುವ ಮುಂಚೆ ಮೂರು ವಾರ ತಯಾರಿ ಮಾಡಿದೆ. ಬಾಣಂತಿ ಲೇಹ್ಯ, ಓಮ, ಮೆಂತ್ಯ, ಹಳೆಯ ಹತ್ತಿ ಸೀರೆ ಹರಿದು ಮಾಡಿದ ಮಗುವಿನ ಬಟ್ಟೆ, ಎಲ್ಲಕ್ಕೂ ಪಟ್ಟಿ ಇತ್ತು. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ದಾಸವಾಳಕ್ಕೆ ನೀರು ಹಾಕಿ, ವಾರಕ್ಕೊಮ್ಮೆ ಕಿಟಕಿ ತೆಗೆದಿಡಿ ಅಂತ ಹೇಳಿದೆ. ನನ್ನ ಫೋನಿಗೆ ರೀಚಾರ್ಜ್ ಮಾಡಿ ಅಂತ ಹೇಳಲಿಲ್ಲ. ಅದು ಒಂದೇ ಮಾತು. ಆ ಮಾತು ಹೇಳದೆ ಬಂದೆ.

ಸ್ಯಾನ್ ಹೋಸೆಯಲ್ಲಿ ಮಗಳ ಮನೆ. ತಮ್ಮ ಫ್ಯಾಮಿಲಿ ಪ್ಲಾನಿಗೆ ಅವಳು ನನಗಾಗಿ ಇನ್ನೊಂದು ಲೈನ್ ಸೇರಿಸಿ ಸಿಮ್ ತಂದಿಟ್ಟಿದ್ದಳು. ಹೋದ ದಿನವೇ ಊಟದ ಮೇಜಿನ ಮೇಲೆ ಕೂತು, ಕಿವಿಯ ರಿಂಗ್ ಬಿಚ್ಚಿ, ಅದರ ತುದಿಯಿಂದ ಒತ್ತಿ ನನ್ನ ಫೋನಿನ ಸಿಮ್ ಟ್ರೇ ಹೊರಗೆ ತೆಗೆದಳು. ಅದರಲ್ಲಿ ಎರಡು ಮನೆ. ಒಂದರಲ್ಲಿ ನಮ್ಮ ಊರಿನ ಸಿಮ್, ಇನ್ನೊಂದರಲ್ಲಿ ಮೆಮೊರಿ ಕಾರ್ಡ್. ಆ ಫೋನಿನಲ್ಲಿ ಎರಡು ಸಿಮ್ ಹಾಕಬೇಕೆಂದರೆ ಮೆಮೊರಿ ಕಾರ್ಡ್ ತೆಗೆಯಬೇಕು. ಕಾರ್ಡಿನಲ್ಲಿ ನಮ್ಮನೆಯವರ ಫೋಟೋಗಳಿದ್ದವು. ಅದನ್ನು ತೆಗೆಯುವುದು ಬೇಡ, ಊರಿನ ಸಿಮ್ ಇಲ್ಲಿ ಯಾಕೆ, ಅದನ್ನೇ ತೆಗೆ ಅಂದೆ. ಕಳೆದುಹೋಗಬಾರದು ಅಂತ ಸಿಮ್ಮನ್ನು ನನ್ನ ಕುಂಕುಮದ ಭರಣಿಯಲ್ಲಿ ಹಾಕಿ ದೇವರ ಮುಂದೆ ಇಟ್ಟೆ.

ಈಗ ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ನನ್ನಂಥವರು ಮೋಸ ಹೋಗುವುದು ಇಲ್ಲೇ.

ಸಿಮ್ ತೆಗೆದ ಮೇಲೂ ವಾಟ್ಸಾಪ್ ನಡೆಯುತ್ತಲೇ ಇತ್ತು. ಅದೇ ಹಳೆಯ ನಂಬರಿನಲ್ಲಿ. ಬೆಳಿಗ್ಗೆ ಎದ್ದರೆ ಅತ್ತಿಗೆಯ ಮೆಸೇಜು, ರಾತ್ರಿ ಅಣ್ಣನ ವಿಡಿಯೋ ಕಾಲು. ಮಗು ಹುಟ್ಟಿದಾಗ ನೂರಾರು ಜನ ಶುಭಾಶಯ ಕಳಿಸಿದರು. ಎಲ್ಲ ನನ್ನ ಊರಿನ ನಂಬರಿಗೇ ಬಂತು. ನಂಬರ್ ನಡೆಯುತ್ತಿದೆಯಲ್ಲ, ಇನ್ನೇನು ಅಂತ ನಾನು ತಿಳಿದೆ. ಆದರೆ ಆಗ ವಾಟ್ಸಾಪ್ ನಂಬರನ್ನು ಕೇಳುತ್ತಿದ್ದದ್ದು ಶುರುವಿನಲ್ಲಿ ಒಂದು ಸಲ. ಆಮೇಲೆ ಅದಕ್ಕೆ ಬೇಕಾಗಿದ್ದದ್ದು ಇಂಟರ್ನೆಟ್ ಅಷ್ಟೇ. ಸಿಮ್ ಭರಣಿಯಲ್ಲಿದ್ದರೂ ಅದು ಓಡುತ್ತಿತ್ತು, ಸಿಮ್ ಸತ್ತರೂ ಸ್ವಲ್ಪ ಕಾಲ ಓಡುತ್ತಿತ್ತು. ವಾಟ್ಸಾಪ್ ಇದೆ ಅಂದರೆ ನಂಬರ್ ಇದೆ ಅಂತ ಅರ್ಥ ಅಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ!

ಅತ್ತ ಏನಾಯಿತು ನೋಡಿ. ನನ್ನದು 28 ದಿನದ ಪ್ರಿಪೇಯ್ಡ್ ಪ್ಲಾನ್. ಹೊರಟಾಗ ಅದರಲ್ಲಿ ಎಂಟು ದಿನ ಉಳಿದಿತ್ತು. ಬಳಸದ ಫೋನಿಗೆ ತಿಂಗಳು ತಿಂಗಳು ಯಾಕೆ ದುಡ್ಡು ಹಾಕಬೇಕು, ಬಂದ ಮೇಲೆ ಹಾಕಿಸಿದರಾಯಿತು ಅಂದುಕೊಂಡೆ. ಪ್ಲಾನ್ ಮುಗಿದರೆ ಮೊದಲು ಹೊರಹೋಗುವ ಕಾಲ್ ನಿಲ್ಲುತ್ತದೆ. ಕೆಲವು ದಿನ ಬಿಟ್ಟು ಒಳಬರುವುದೂ ನಿಲ್ಲುತ್ತದೆ. ಹಾಗೇ 90 ದಿನ ಬಳಕೆಯೇ ಆಗದಿದ್ದರೆ ಕಂಪನಿ ಆ ನಂಬರನ್ನು ರದ್ದು ಮಾಡಬಹುದು. ಇದು ಫೋನ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ ಟ್ರಾಯ್ ಮಾಡಿದ ನಿಯಮದಲ್ಲೇ ಇದೆ. ಫೋನಿನ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು 30 ದಿನ ಮುಂದಕ್ಕೆ ಹಾಕಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಆದರೆ ಪ್ಲಾನ್ ಹಾಕಿಸುವ ನಮ್ಮಂಥವರ ಬ್ಯಾಲೆನ್ಸ್ ಹೆಚ್ಚಾಗಿ ಸೊನ್ನೆ ಇರುತ್ತದೆ ಅಲ್ವಾ? ನನ್ನದೂ ಸೊನ್ನೆ. ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ, ಹದಿನೈದು ವರ್ಷ ನನ್ನದಾಗಿದ್ದ ನಂಬರ್ ನನ್ನದಾಗಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಜೂನ್ ಎರಡನೇ ವಾರ. ಅಲ್ಲಿ ರಾತ್ರಿ ಒಂಬತ್ತು, ಇಲ್ಲಿ ಬೆಳಿಗ್ಗೆ ಒಂಬತ್ತೂವರೆ. ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದೆ. ಶಿವಮೊಗ್ಗದಿಂದ ಅತ್ತಿಗೆಯ ಕಾಲ್ ಬಂತು. ಅಣ್ಣನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ, ಸ್ಟೆಂಟ್ ಹಾಕಬೇಕಂತೆ. "ಒಂದು ಲಕ್ಷ ಈಗಲೇ ಕಟ್ಟಬೇಕಂತೆ ಕಣೇ, ನಿನ್ನ ಹತ್ತಿರ ಆಗುತ್ತದಾ?" ಅಂದರು. ಆಗುತ್ತದೆ ಅತ್ತಿಗೆ, ಐದು ನಿಮಿಷ ಅಂದೆ. ನಿವೃತ್ತಿಯ ದುಡ್ಡು ಖಾತೆಯಲ್ಲೇ ಇತ್ತು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅಣ್ಣ. ಟಿಸಿಎಚ್ ಮಾಡುವಾಗ ನನ್ನ ಹಾಸ್ಟೆಲ್ ಫೀಸಿಗೆ ಅವನು ಸೈಕಲ್ ಮಾರಿದ್ದ.

ಯುಪಿಐ ಆಪ್ ತೆರೆದೆ. ಸಿಮ್ ಬದಲಾಗಿದೆ, ನಂಬರನ್ನು ಮತ್ತೆ ಖಚಿತಪಡಿಸಿ ಅಂತು. ನೆಟ್ ಬ್ಯಾಂಕಿಂಗ್‌ಗೆ ಹೋದೆ. ಪಾಸ್‌ವರ್ಡ್ ತೆಗೆದುಕೊಂಡಿತು, ಅಣ್ಣನ ಖಾತೆಯ ಹೆಸರೂ ಬಂತು, ಕೊನೆಯಲ್ಲಿ ಒಟಿಪಿ ಕೇಳಿತು. ಓಡಿಹೋಗಿ ಭರಣಿ ತಂದು ಬೋರಲು ಹಾಕಿದೆ. ಸಿಮ್ಮಿನ ಚಿನ್ನದ ಬಣ್ಣದ ಚೌಕದ ಮೇಲೆಲ್ಲ ಕುಂಕುಮ ಮೆತ್ತಿಕೊಂಡಿತ್ತು. ಸೆರಗಿನಿಂದ ಒರೆಸಿ ಹಾಕಿದರೆ ನೋ ಸರ್ವಿಸ್. ತೆಗೆದು ಮತ್ತೆ ಹಾಕಿದೆ. ಅಳಿಯ ತನ್ನ ಫೋನಿನಲ್ಲೂ ಹಾಕಿ ನೋಡಿದ. ಪಕ್ಕದ ಮನೆಯ ಹುಡುಗನಿಗೆ ವಾಟ್ಸಾಪಿನಲ್ಲೇ ಕಾಲ್ ಮಾಡಿ ರೀಚಾರ್ಜ್ ಮಾಡಪ್ಪಾ ಅಂದೆ. ಅವನು ಎರಡು ಸಲ ಪ್ರಯತ್ನಿಸಿ, "ಆಂಟಿ, ಈ ನಂಬರೇ ಇಲ್ಲ ಅಂತಿದೆ" ಅಂದ. ಬ್ಯಾಂಕಿಗೆ ಫೋನ್ ಮಾಡಿದೆ. ನಂಬರ್ ಬದಲಿಸಲು ಖಾತೆದಾರರೇ ಶಾಖೆಗೆ ಬಂದು ಫಾರಂ ಕೊಡಬೇಕು ಅಂದರು. ಅವರ ತಪ್ಪಲ್ಲ. ಯಾರೋ ಫೋನಿನಲ್ಲಿ ಹೇಳಿದರೆ ನಂಬರ್ ಬದಲಿಸುವ ಬ್ಯಾಂಕಿನಲ್ಲಿ ನಾನು ದುಡ್ಡು ಇಡುವುದೂ ಇಲ್ಲ.

ಕೊನೆಗೆ ಅಳಿಯನ ಗೆಳೆಯರೊಬ್ಬರು ಬೆಂಗಳೂರಿನಿಂದ ದುಡ್ಡು ಹಾಕಿದರು. ಐದು ನಿಮಿಷ ಅಂದವಳು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಅತ್ತಿಗೆ ಕೈಬಳೆ ಬಿಚ್ಚಿ ಮಗನ ಕೈಗೆ ಕೊಟ್ಟಿದ್ದರಂತೆ, ಅಡ ಇಟ್ಟು ಬಾ ಅಂತ. ಅಣ್ಣ ಈಗ ಚೆನ್ನಾಗಿದ್ದಾನೆ. ದಿನಾ ವಾಕಿಂಗ್ ಹೋಗುತ್ತಾನೆ. ಆ ಬಳೆಯ ವಿಷಯ ಅತ್ತಿಗೆ ನನಗೆ ಹೇಳಲೇ ಇಲ್ಲ, ಆಮೇಲೆ ಅವರ ಮಗನಿಂದ ಗೊತ್ತಾಯಿತು.

ಆಗಸ್ಟಿನಲ್ಲಿ ವಾಪಸ್ ಬಂದೆ. ಹಳೆಯ ನಂಬರ್ ಮತ್ತೆ ಕೊಡಲು ಆಗುವುದಿಲ್ಲ ಅಂದರು. ಹೊಸ ಸಿಮ್ ತೆಗೆದುಕೊಂಡು ಬ್ಯಾಂಕಿಗೆ ಹೋದೆ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು, 50 ರೂಪಾಯಿ ಕಟ್ಟಿ ನಂಬರ್ ಬದಲಿಸಿದೆ. ಗ್ಯಾಸ್ ಏಜೆನ್ಸಿ, ಎಲ್‌ಐಸಿ, ಪೆನ್ಷನ್ ಕಾಗದ, ಒಂದೊಂದಕ್ಕೂ ಒಂದೊಂದು ದಿನ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಗ್ಗದ ಇಂಟರ್ನೆಟ್ ಯಾವುದು ಅನ್ನುವುದು ನಿಮ್ಮ ಚಿಂತೆಯೇ ಅಲ್ಲ. ಬಾಣಂತನಕ್ಕೆ ಹೋದವರು ಇರುವುದು ಮನೆಯಲ್ಲಿ. ಬೆಳಗಿನ ಎಣ್ಣೆ ನೀರಿನಿಂದ ರಾತ್ರಿಯ ಮೆಂತ್ಯದ ಗಂಜಿವರೆಗೆ ಮನೆ ಬಿಟ್ಟು ಕದಲುವುದಿಲ್ಲ. ಮನೆಯಲ್ಲಿ ವೈಫೈ ಇರುತ್ತದೆ. ರೋಮಿಂಗ್ ಪ್ಯಾಕ್ ಹತ್ತು ಹದಿನೈದು ದಿನ ಟೂರ್ ಹೋಗುವವರಿಗೆ ಸರಿ, ಆರು ತಿಂಗಳಿಗೆ ಸುಮ್ನೆ ದುಡ್ಡು ದಂಡ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಇಂಟರ್ನೆಟ್ ಮಾತ್ರ ಇರುತ್ತದೆ, ಕಾಲ್ ಮಾಡಲು ನಂಬರ್ ಇರುವುದಿಲ್ಲ. ನಿಮಗೆ ಅಲ್ಲಿನ ನಂಬರ್ ಬೇಕು. ಡಾಕ್ಟರ ಕ್ಲಿನಿಕ್, ಔಷಧಿ ಅಂಗಡಿ ಎಲ್ಲ ಅದನ್ನೇ ಕೇಳುತ್ತವೆ. ಮಗಳ ಪ್ಲಾನಿನಲ್ಲಿ ಒಂದು ಲೈನ್ ಸೇರಿಸಲು ಹೇಳಿ, ಮುಗಿಯಿತು. ನಾನಾದರೆ ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಯೋಚಿಸುವುದಿಲ್ಲ.

ಯೋಚಿಸಬೇಕಾದದ್ದು ಇಲ್ಲಿನ ನಂಬರಿನ ಬಗ್ಗೆ. ಇಬ್ಬರ ನಂಬರಿಗೂ ವರ್ಷದ ಪ್ಲಾನ್, 365 ದಿನದ್ದು, ಹಾಕಿಸಿಬಿಡಿ. ದುಬಾರಿ ಅನ್ನಿಸಿದರೆ 84 ದಿನದ್ದು ಹಾಕಿಸಿ, ಮುಗಿಯುವ ತಾರೀಕನ್ನು ಊರಿನಲ್ಲಿರುವ ನಂಬಿಕೆಯವರ ಕ್ಯಾಲೆಂಡರಿನಲ್ಲಿ ಬರೆಸಿ. ನಿಮ್ಮ ನಂಬರಿಗೆ ಯಾರು ಬೇಕಾದರೂ ರೀಚಾರ್ಜ್ ಮಾಡಬಹುದು, ಅದಕ್ಕೆ ಒಟಿಪಿ ಬೇಡ. ಆಮೇಲೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ಅಂದರೆ ಇಲ್ಲಿನ ಸಿಮ್ಮಿಗೆ ಅಲ್ಲೂ ಸಿಗ್ನಲ್ ಸಿಗುವ ಹಾಗೆ. ಪ್ಯಾಕ್ ಕೊಳ್ಳುವುದು ಬೇರೆ, ರೋಮಿಂಗ್ ಚಾಲೂ ಮಾಡಿಸುವುದು ಬೇರೆ. ಅಂಗಡಿಯವರು ಪ್ಯಾಕ್ ಮಾರಲು ನೋಡುತ್ತಾರೆ. ನೀವು ಚಾಲೂ ಮಾಡಿಸುವುದನ್ನು ಕೇಳಿ, ಹೊರದೇಶದಲ್ಲಿದ್ದಾಗ ಬರುವ ಮೆಸೇಜಿಗೆ ದುಡ್ಡು ಬೀಳುತ್ತದಾ ಅಂತಲೂ ಕೇಳಿ. ಇದು ಇಲ್ಲೇ, ಹೊರಡುವ ಮುಂಚೆಯೇ ಆಗಬೇಕು. ಅಲ್ಲಿ ಇಳಿದ ಮೇಲೆ ಅದನ್ನು ಚಾಲೂ ಮಾಡಿಸಲು ಹೋದರೆ, ಅದಕ್ಕೂ ಒಟಿಪಿ ಆ ಸಿಮ್ಮಿಗೇ ಬರಬಹುದು.

ಎರಡು ಸಿಮ್ ಹಾಕುವ ಫೋನ್ ಒಯ್ಯಿರಿ. ಮೆಮೊರಿ ಕಾರ್ಡ್ ಇದ್ದರೆ ಫೋಟೋಗಳನ್ನು ಬೇರೆ ಕಡೆ ಇಳಿಸಿ, ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗಿ. ನಾನು ಈಗ ಹಾಗೇ ಮಾಡಿದ್ದೇನೆ. ಊರಿನ ಸಿಮ್ಮಿಗೆ ಡೇಟಾ ರೋಮಿಂಗ್ ಬಂದ್ ಇರಲಿ. ಅದಕ್ಕೆ ಯಾರ ಕಾಲ್ ಬಂದರೂ ಎತ್ತಬೇಡಿ, ಹೊರದೇಶದಲ್ಲಿ ಎತ್ತಿದರೂ ದುಡ್ಡು ಬೀಳುತ್ತದೆ. ಆ ಸಿಮ್ ಇರುವುದು ಒಟಿಪಿಗೆ ಮಾತ್ರ. ಬ್ಯಾಂಕಿನಲ್ಲಿ ಇಮೇಲಿಗೂ ಒಟಿಪಿ ಕಳಿಸುತ್ತಾರಾ ಅಂತ ಕೇಳಿ ನೋಡಿ, ಕೆಲವು ಬ್ಯಾಂಕುಗಳಲ್ಲಿ ಆ ಸೌಲಭ್ಯ ಇದೆ.

ಇನ್ನು ನಿಮ್ಮ ಯಜಮಾನರ ಫೋನ್ ಹಳೆಯದು ಅಂತ ಬರೆದಿದ್ದೀರಿ. ಅಮೆರಿಕದಲ್ಲಿ 2022ರೊಳಗೆ ದೊಡ್ಡ ಕಂಪನಿಗಳೆಲ್ಲ ಹಳೆಯ 3ಜಿ ನೆಟ್‌ವರ್ಕ್ ಮುಚ್ಚಿವೆ. ಈಗ ಅಲ್ಲಿ ಮಾತೂ 4ಜಿ ಮೇಲೆಯೇ ಹೋಗಬೇಕು, ಅಂದರೆ ಫೋನಿನಲ್ಲಿ ವೋಲ್ಟಿ ಅನ್ನುವ ಸೌಲಭ್ಯ ಬೇಕು. ಇಲ್ಲಿ ಚೆನ್ನಾಗಿ ನಡೆಯುವ ಕೆಲವು ಫೋನುಗಳಲ್ಲಿ ಅಲ್ಲಿ ಇಂಟರ್ನೆಟ್ ಬರುತ್ತದೆ, ಕಾಲ್ ಹೋಗುವುದಿಲ್ಲ. ಫೋನಿನ ಮಾಡೆಲ್ ನಂಬರನ್ನು ಮಗಳಿಗೆ ಕಳಿಸಿ, ಅವರ ಕಂಪನಿಯ ಪಟ್ಟಿಯಲ್ಲಿ ಇದೆಯಾ ಅಂತ ನೋಡಲು ಹೇಳಿ. ಹಾಗೇ ಮಗಳ ವಿಳಾಸ, ಫೋನ್ ನಂಬರ್ ಎರಡನ್ನೂ ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. ಇಮಿಗ್ರೇಷನ್ ಸಾಲಿನಲ್ಲಿ ಫೋನ್ ತೆಗೆಯಲು ಬಿಡುವುದಿಲ್ಲ, ಅಧಿಕಾರಿ ಎಲ್ಲಿ ಇರುತ್ತೀರಿ ಅಂತ ಕೇಳಿಯೇ ಕೇಳುತ್ತಾರೆ. ಇನ್ನೊಂದು ಮಾತು, ಮನೆಯಲ್ಲಿ ಬಾಣಂತಿ, ಮಗು ಇರುವುದರಿಂದ ಹೇಳುತ್ತೇನೆ. ಅಲ್ಲಿ ತುರ್ತಿಗೆ 911. ಸಿಗ್ನಲ್ ಇದ್ದ ಕಡೆ, ಸಿಮ್ ಇಲ್ಲದ ಫೋನಿನಿಂದಲೂ ಅದಕ್ಕೆ ಕಾಲ್ ಹೋಗುತ್ತದೆ.

ಒಂದು ವೇಳೆ ನಂಬರ್ ಹೋಯಿತು ಅಂತ ಗೊತ್ತಾದರೆ, ಅವತ್ತೇ ವಾಟ್ಸಾಪಿನಲ್ಲಿ ನಂಬರ್ ಬದಲಿಸುವ ಆಯ್ಕೆಗೆ ಹೋಗಿ ಬೇರೆ ನಂಬರಿಗೆ ದಾಟಿಕೊಳ್ಳಿ. ರದ್ದಾದ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲ ಅಂತ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ. ಅಂದರೆ ಆಮೇಲೆ ಕೊಡಬಹುದು. ನನ್ನದನ್ನು ಕೊಟ್ಟಿದ್ದಾರೆ. ಒಂದು ದಿನ ತಡೆಯಲಾಗದೆ ನಾನೇ ನನ್ನ ಹಳೆಯ ನಂಬರಿಗೆ ಫೋನ್ ಮಾಡಿದೆ. ಹರಿಹರದ ಒಬ್ಬ ಹುಡುಗ ಎತ್ತಿದ, ಗ್ಯಾರೇಜಿನಲ್ಲಿ ಕೆಲಸವಂತೆ. ದಿನಾ ಯಾರಾದರೂ "ಟೀಚರ್ ಇದ್ದಾರಾ" ಅಂತ ಕೇಳುತ್ತಾರೆ, ನೀವೇನಾ ಅದು ಅಂದ. ನನ್ನ ಹಳೆಯ ವಿದ್ಯಾರ್ಥಿಗಳು. ಹೊಸ ನಂಬರ್ ಬರೆದುಕೊಂಡ. ಹೋದ ವಾರ ಎಂಬತ್ತೇಳನೇ ಇಸವಿಯ ಬ್ಯಾಚಿನ ಒಬ್ಬಳು ಕಾಲ್ ಮಾಡಿದಳು. ನಂಬರ್ ಯಾರು ಕೊಟ್ಟರು ಅಂದೆ. "ಹರಿಹರದಿಂದ ಒಬ್ಬರು ಕೊಟ್ಟರು ಟೀಚರ್, ನಿಮ್ಮ ಸ್ಟೂಡೆಂಟೇ ಇರಬೇಕು" ಅಂದಳು.