ಹಳೇ ಮಾಡೆಲ್ ರೈಲಿನ ಎಂಜಿನ್ ಗುಂಯ್ ಅನ್ನುತ್ತದೆ, ಓಡುವುದಿಲ್ಲ. ವೈರಿಂಗ್ ಪೂರ್ತಿ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಾವ ಕೊಟ್ಟ ಹಳೇ ಎಚ್‌ಒ (ನಿಜವಾದದ್ದರ 87ನೇ ಒಂದು ಭಾಗದ ಅಳತೆಯ) ಸ್ಟೀಮ್ ಎಂಜಿನ್ ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇತ್ತು. ಈಗ ಹಳಿ ಮೇಲಿಟ್ಟು ಕರೆಂಟ್ ಕೊಟ್ಟರೆ ಗುಂಯ್ ಅನ್ನುತ್ತದೆ, ಚಕ್ರ ತಿರುಗುವುದಿಲ್ಲ. ಒಳಗಿನ ವೈರು ಮುಟ್ಟಿದರೆ ಸಿಪ್ಪೆ ಉದುರುತ್ತದೆ. ವೈರಿಂಗ್ ಪೂರ್ತಿ ಹೊಸದಾಗಿ ಮಾಡಿ, ಅದರ ಜೊತೆಗೇ ಡಿಸಿಸಿ ಡಿಕೋಡರ್ (ಹಳಿಯಿಂದ ಬರುವ ಡಿಜಿಟಲ್ ಆದೇಶ ಓದಿ ಮೋಟಾರು, ದೀಪ ನಡೆಸುವ ಪುಟ್ಟ ಸರ್ಕ್ಯೂಟ್) ಕೂಡ ಕೂರಿಸಿಬಿಡಲಾ ಅಂತ ಕೇಳಿದ್ದೀರಿ.

ವೈರು ಬದಲಿಸಲೇಬೇಕು, ಆದರೆ ಅದು ಮೊದಲ ಕೆಲಸ ಅಲ್ಲ. ಗುಂಯ್ ಅನ್ನುತ್ತಿದೆ ಅಂದರೆ ಮೋಟಾರಿಗೆ ಕರೆಂಟ್ ತಲುಪುತ್ತಿದೆ, ತಿರುಗೋಕೆ ಏನೋ ಅಡ್ಡ ಬರುತ್ತಿದೆ. ಆದ್ದರಿಂದ ಸದ್ಯಕ್ಕೆ ಮತ್ತೆ ಮತ್ತೆ ಕರೆಂಟ್ ಕೊಟ್ಟು ನೋಡಬೇಡಿ. ನಿಂತ ಮೋಟಾರು ಬೇಗ ಬಿಸಿಯಾಗುತ್ತದೆ, ಒಳಗಿನ ತಂತಿ ಸುರುಳಿಯ ಎನಾಮಲ್ ಹೊದಿಕೆ ಸುಟ್ಟರೆ ರಿಪೇರಿ ದೊಡ್ಡದಾಗುತ್ತದೆ.

ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಎಂಜಿನ್ ಕೆಳಗೆ ನಡುವೆ ಉದ್ದನೆಯ ಲೋಹದ ಪಟ್ಟಿ ಇದೆಯಾ? ಇದ್ದರೆ ಅದು ಮಾರ್ಕ್ಲಿನ್ ಎಂಬ ಜರ್ಮನ್ ಕಂಪನಿಯ ತರಹದ ಮೂರು ಹಳಿಯ ವ್ಯವಸ್ಥೆಯದು. ಹಳೆಯವು 16 ವೋಲ್ಟ್ ಎಸಿಯಲ್ಲಿ ಓಡುತ್ತವೆ, ಹಿಂದೆ ಮುಂದೆ ಮಾಡಲು 24 ವೋಲ್ಟಿನ ಒಂದು ಹೊಡೆತ ಬೇಕು. ಅದರ ಲೆಕ್ಕವೇ ಬೇರೆ. ನಾನು ಹೇಳುತ್ತಿರುವುದು ಎರಡು ಹಳಿಯ 12 ವೋಲ್ಟ್ ಡಿಸಿ ಎಂಜಿನ್ ಬಗ್ಗೆ.

ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ. ಚಕ್ರವನ್ನು ಕೈಯಿಂದ ತಿರುಗಿಸಿ ನೋಡುವ ಆಸೆ ಆಗುತ್ತದೆ, ಬೇಡ. ಮೋಟಾರಿನ ದಂಡದಲ್ಲಿ ಇರುವುದು ವರ್ಮ್ ಗೇರ್, ಅಂದರೆ ಸ್ಕ್ರೂವಿನಂಥ ಗೇರು. ಮೋಟಾರು ಚಕ್ರವನ್ನು ತಿರುಗಿಸಬಲ್ಲದು, ಚಕ್ರದಿಂದ ಮೋಟಾರು ತಿರುಗುವುದಿಲ್ಲ. ಬಲ ಹಾಕಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗುತ್ತದೆ. ಮೊದಲು ಮೋಟಾರಿನ ಸ್ಕ್ರೂ ಬಿಚ್ಚಿ, ಗೇರಿನಿಂದ ಬಿಡಿಸಿ, ಅದನ್ನೊಂದೇ 9 ವೋಲ್ಟ್ ಬ್ಯಾಟರಿಗೆ ಮುಟ್ಟಿಸಿ. ಮೋಟಾರು ತಿರುಗಿದರೆ ತೊಂದರೆ ಗೇರು, ಚಕ್ರದ ಕಡೆ. ತಿರುಗದಿದ್ದರೆ ಮೋಟಾರಿನಲ್ಲೇ.

ಗೇರಿನ ಕಡೆ ಕಳ್ಳ ಯಾರು ಅಂದರೆ ಸಾಮಾನ್ಯವಾಗಿ ಹಳೇ ಗ್ರೀಸ್. ಮೇಣದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಟೂತ್‌ಪಿಕ್‌ನಿಂದ ಕೆರೆದು, ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಥಿನ್ನರ್, ಅಸಿಟೋನ್ ಪ್ಲಾಸ್ಟಿಕ್ಕಿನ ಹತ್ತಿರ ತರಬೇಡಿ. ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಓಡುವಾಗ ಟಿಕ್ ಟಿಕ್ ಅನ್ನುತ್ತದೆ. ಅಂಟು ಹಾಕಿ ಪ್ರಯೋಜನ ಇಲ್ಲ, ಹೊಸ ಗೇರೇ ಬೇಕು. ಇನ್ನು ಚಕ್ರಗಳನ್ನು ಆಕ್ಸಲ್‌ನಿಂದ ಸುಮ್ನೆ ಕಿತ್ತು ನೋಡಬೇಡಿ. ಎಡ, ಬಲ ಚಕ್ರಗಳಲ್ಲಿ ರಾಡು ಸಿಕ್ಕಿಸುವ ಪಿನ್ನುಗಳು ಒಂದಕ್ಕೊಂದು 90 ಡಿಗ್ರಿಯಲ್ಲಿರಬೇಕು. ಅದು ತಪ್ಪಿದರೆ ಪಕ್ಕದ ರಾಡುಗಳು ಸಿಕ್ಕಿಕೊಳ್ಳುತ್ತವೆ.

ಮೋಟಾರಿಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಸ್ಪ್ರಿಂಗ್ ಹುಷಾರಾಗಿ ಹಿಡಿದು, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳನ್ನು ಹೊರತೆಗೆಯಿರಿ, ಸ್ಪ್ರಿಂಗ್ ಹಾರಿದರೆ ಸಿಗುವುದಿಲ್ಲ. ಒಳಗೆ ಬ್ರಷ್ ಒತ್ತುವ ತಾಮ್ರದ ಉಂಗುರ, ಅಂದರೆ ಕಮ್ಯುಟೇಟರ್ ಕಾಣುತ್ತದೆ, ಮೂರೋ ಐದೋ ತುಂಡು, ನಡುವೆ ಸಣ್ಣ ಸೀಳು. ಆ ಸೀಳುಗಳಲ್ಲಿ ಎಣ್ಣೆ ಮತ್ತು ಕಾರ್ಬನ್ ಪುಡಿ ಸೇರಿ ಕಪ್ಪು ಪೇಸ್ಟ್ ಆಗಿರುತ್ತದೆ. ಕರೆಂಟು ಸುರುಳಿಗೆ ಹೋಗದೆ ಅದರ ಮೂಲಕವೇ ಹರಿದುಬಿಡುತ್ತದೆ. ಟೂತ್‌ಪಿಕ್ಕಿನ ತುದಿ ಚೂಪು ಮಾಡಿ ಒಂದೊಂದೇ ಸೀಳನ್ನು ಬಿಡಿಸಿ. ತಾಮ್ರದ ಮೇಲ್ಮೈಯನ್ನು ಆಲ್ಕೋಹಾಲಿನಿಂದ ಒರೆಸಿದರೆ ಸಾಮಾನ್ಯವಾಗಿ ಸಾಕು. ಆಮೇಲೆ ಮಲ್ಟಿಮೀಟರ್‌ನಲ್ಲಿ ಪಕ್ಕಪಕ್ಕದ ತುಂಡುಗಳ ನಡುವಿನ ಓಮ್ ಅಳೆಯಿರಿ. ಎಲ್ಲಾ ಜೋಡಿಗೂ ಹೆಚ್ಚುಕಡಿಮೆ ಒಂದೇ ಅಂಕೆ ಬರಬೇಕು. ಒಂದು ಜೋಡಿ ಮಾತ್ರ ಬೇರೆ ತೋರಿಸಿದರೆ ಸುರುಳಿ ತುಂಡಾಗಿದೆ ಅಥವಾ ಒಳಗೇ ಶಾರ್ಟ್ ಆಗಿದೆ.

ಅಯಸ್ಕಾಂತವನ್ನು ಮಾತ್ರ ಮುಟ್ಟಬೇಡಿ. ಹಳೇ ಆಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಮಿಶ್ರಲೋಹ) ಅಯಸ್ಕಾಂತವನ್ನು ಅದರ ಕಬ್ಬಿಣದ ಚೌಕಟ್ಟಿನಿಂದ ಹೊರತೆಗೆದರೆ ಶಕ್ತಿ ಕಳೆದುಕೊಳ್ಳುತ್ತದೆ. ವಾಪಸ್ ಹಾಕಿದರೂ ಮೊದಲಿನಂತೆ ಆಗುವುದಿಲ್ಲ. ಆಮೇಲೆ ಮೋಟಾರು ಬಿಸಿ ಜಾಸ್ತಿ, ಬಲ ಕಡಿಮೆ.

ಈಗ ವೈರಿಂಗ್. ಇಲ್ಲಿ ಬಹಳ ಜನ ಇದ್ದ ವೈರು ಕಿತ್ತು ಅದೇ ಜಾಗಕ್ಕೆ ಹೊಸದು ಹಾಕುತ್ತಾರೆ. ನನ್ನ ಮಾತು ಕೇಳಿದರೆ, ಮೊದಲು ಕರೆಂಟ್ ಹೋಗುವ ದಾರಿಯನ್ನು ಕಾಗದದ ಮೇಲೆ ಬರೆಯಿರಿ. ಹಳೇ ಸ್ಟೀಮ್ ಎಂಜಿನ್‌ಗಳಲ್ಲಿ ಬಹಳಷ್ಟು ಹೀಗಿರುತ್ತವೆ: ಎಂಜಿನ್ನಿನ ಚಕ್ರಗಳು ಒಂದು ಹಳಿಯಿಂದ ಕರೆಂಟ್ ತೆಗೆದುಕೊಂಡು ನೇರ ಚಾಸಿಗೆ (ಎಂಜಿನ್ನಿನ ಲೋಹದ ಚೌಕಟ್ಟಿಗೆ) ಕೊಡುತ್ತವೆ, ಟೆಂಡರ್ (ಎಂಜಿನ್ ಹಿಂದಿನ ಕಲ್ಲಿದ್ದಲು ಗಾಡಿ) ಚಕ್ರಗಳು ಇನ್ನೊಂದು ಹಳಿಯಿಂದ ತೆಗೆದುಕೊಂಡು ಜೋಡಣೆಯ ಲೋಹದ ಪಟ್ಟಿಯ ಮೂಲಕ ಮೋಟಾರಿಗೆ ಕಳಿಸುತ್ತವೆ. ಅಂದರೆ ಎಂಜಿನ್ನಿನ ಮೈಯೇ ಒಂದು ವೈರು. ಮೋಟಾರಿನ ಒಂದು ಬ್ರಷ್ ಆ ಮೈಗೇ ಸೇರಿರುತ್ತದೆ. ಟ್ರೈಆಂಗ್ ಎಂಬ ಬ್ರಿಟಿಷ್ ಕಂಪನಿಯ ಎಕ್ಸ್‌04 ಮೋಟಾರಿನಲ್ಲಿ ಎರಡೂ ಬ್ರಷ್ ಒತ್ತುವುದು ಒಂದೇ ಸ್ಪ್ರಿಂಗಿನ ಎರಡು ಕಾಲು. ಒಂದು ಕಾಲಿಗೆ ಪುಟ್ಟ ಇನ್ಸುಲೇಷನ್ ಕೊಳವೆ ಇರುತ್ತದೆ. ಕಸ ಅಂದುಕೊಂಡು ಅದನ್ನು ಎಸೆದರೆ ನೇರ ಶಾರ್ಟ್.

ವೈರು ಸಣ್ಣ ಎಳೆಗಳದ್ದು, ಸಿಲಿಕಾನ್ ಹೊದಿಕೆಯದ್ದು, 30 ಗೇಜ್ ಆಸುಪಾಸು ಇರಲಿ. ಎಂಜಿನ್ ಮತ್ತು ಟೆಂಡರ್ ನಡುವೆ ದಪ್ಪ, ಬಿಗಿ ವೈರು ಹಾಕಿದರೆ ತಿರುವಿನಲ್ಲಿ ಟೆಂಡರ್ ಹಳಿ ತಪ್ಪುತ್ತದೆ. ಎರಡು ತುದಿಗೂ ಮೊದಲು ಸೋಲ್ಡರ್ ಹಚ್ಚಿಟ್ಟು, ಆಮೇಲೆ ಒಂದಕ್ಕೊಂದು ಮುಟ್ಟಿಸಿ ಕಾಯಿಸಿದರೆ ಕ್ಷಣದಲ್ಲಿ ಹಿಡಿಯುತ್ತದೆ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್‌ನಲ್ಲಿ ರೋಸಿನ್ ಫ್ಲಕ್ಸ್ ಮಾತ್ರ ಬಳಸಿ, ಆಸಿಡ್ ಫ್ಲಕ್ಸ್ ವೈರನ್ನು ತಿಂದುಹಾಕುತ್ತದೆ. ಚಾಸಿಗೆ ನೇರ ಬೆಸುಗೆ ಹಾಕಲು ಒದ್ದಾಡಬೇಡಿ, ಅಷ್ಟು ಲೋಹ ಶಾಖವನ್ನೆಲ್ಲಾ ಎಳೆದುಕೊಳ್ಳುತ್ತದೆ. ವೈರಿನ ತುದಿಗೆ ಒಂದು ರಿಂಗ್ ಬೆಸೆದು ಸ್ಕ್ರೂ ಕೆಳಗೆ ಸಿಕ್ಕಿಸಿ.

ಇನ್ನು ಡಿಕೋಡರ್. ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಚಾಸಿಗೆ ಸೇರಿರುವ ಬ್ರಷ್ ಹಾಗೇ ಇದ್ದರೆ ಡಿಕೋಡರ್ ಹಾಕಿದ ಕೂಡಲೇ ಸುಟ್ಟುಹೋಗಬಹುದು. ಎರಡೂ ಬ್ರಷ್ ಚಾಸಿಯಿಂದ, ಹಳಿಯಿಂದ ಪೂರ್ತಿ ಬೇರೆಯಾಗಿರಬೇಕು, ಮಲ್ಟಿಮೀಟರ್ ಬೀಪ್ ಅನ್ನಬಾರದು. ಎರಡನೆಯದು, 12 ವೋಲ್ಟ್ ಕೊಟ್ಟು ಮೋಟಾರನ್ನು ಒಂದೇ ಒಂದು ಕ್ಷಣ ಹಿಡಿದು ನಿಲ್ಲಿಸಿದಾಗ ಎಷ್ಟು ಆಂಪ್ ಎಳೆಯುತ್ತದೆ ನೋಡಿ. ಹಳೇ ತೆರೆದ ಮೋಟಾರುಗಳು 1 ಆಂಪ್ ದಾಟುವುದುಂಟು, ಎಚ್‌ಒ ಡಿಕೋಡರ್‌ಗಳಲ್ಲಿ ಹಲವು ಅಷ್ಟಕ್ಕೇ ಮಾಡಿದವು. ಮುಂದೆ ಹಾಕುವಾಗ ಬಣ್ಣಗಳು ಹೀಗೆ: ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ವೈರು ಎಲ್ಲಾ ದೀಪಗಳಿಗೂ ಸೇರಿದ ಒಂದೇ ಪ್ಲಸ್ (ಕಾಮನ್). ಹಳೇ ಬಲ್ಬಿನ ಬದಲು ಎಲ್‌ಇಡಿ ಹಾಕಿದರೆ 1 ಕಿಲೋಓಮ್ ರೆಸಿಸ್ಟರ್ ಮರೆಯಬೇಡಿ.

ಸದ್ಯಕ್ಕೆ ಎಲ್ಲಾ ಜೋಡಿಸಿ, ಮೇಲಿನ ಕವಚ ಹಾಕದೆ, ಎಂಜಿನ್ನನ್ನು ಎತ್ತಿಟ್ಟು ಚಕ್ರಗಳಿಗೆ ಕಡಿಮೆ ವೋಲ್ಟೇಜ್ ಕೊಡಿ. ಎರಡೂ ದಿಕ್ಕಿಗೆ ಸ್ವಲ್ಪ ಹೊತ್ತು ತಿರುಗಲಿ, ಬ್ರಷ್ ಕೂತುಕೊಳ್ಳುತ್ತದೆ. ಬೇರಿಂಗಿಗೆ ಒಂದು ಹನಿ ಎಣ್ಣೆ ಸಾಕು, ಕಮ್ಯುಟೇಟರಿಗೆ ಬೇಡವೇ ಬೇಡ. ಬ್ರಷ್ ಇರುವ ಕಡೆಯ ಒಂದು ಸ್ಪಷ್ಟ ಫೋಟೊ ಹಾಕಿದರೆ, ಯಾವ ಬ್ರಷ್ ಚಾಸಿಗೆ ಸೇರಿದೆ ಅಂತ ನೋಡಿ ಹೇಳುತ್ತೇನೆ.