ಸಿಗರೇಟು ಬಿಟ್ಟು ಪೈಪು ಹಿಡಿದವರು

ಸಿಗರೇಟು ಬಿಟ್ಟು ಪೈಪಿಗೆ ಬಂದಿದ್ದೇನೆ, ಹೊಗೆಯನ್ನು ಬಾಯಿಂದಲೇ ಹೊರಗೆ ಬಿಡುತ್ತೇನೆ, ಇನ್ನೇನು ತೊಂದರೆ ಎಂದು ಕೇಳುವ ಹಿರಿಯರು, ತಂಬಾಕು ಬಿಡಲು ನೆರವಾಗುವ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಈ ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅವರು ಜಯನಗರದ ನಿವೃತ್ತ ಎಂಜಿನಿಯರ್. ದಶಕಗಳ ಕಾಲ ಸಿಗರೇಟು ಸೇದಿ, ಎದೆನೋವು ಬಂದು ವೈದ್ಯರು ಎಚ್ಚರಿಸಿದ ಮೇಲೆ ಪೈಪು ಹಿಡಿದಿದ್ದರು. ಪತ್ನಿಯ ಒತ್ತಾಯಕ್ಕೆ ನನ್ನಲ್ಲಿಗೆ ಬಂದಿದ್ದರು.

ಎರಡನೆಯ ಭೇಟಿಗೆ ಅವರು ಒಂದು ಅಧ್ಯಯನದ ಪ್ರತಿಯನ್ನೇ ತಂದರು. 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದದ್ದು. ಸಿಗರೇಟಿನಿಂದ ಪೈಪು ಅಥವಾ ಸಿಗಾರಿಗೆ ಬದಲಾದವರಲ್ಲಿ ಶ್ವಾಸಕೋಶದ ಕ್ಯಾನ್ಸರ್, ಹೃದ್ರೋಗ ಮತ್ತು ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಿಂದ ಸಾಯುವ ಅಪಾಯ, ಸಿಗರೇಟು ಮುಂದುವರಿಸಿದವರಿಗಿಂತ ಶೇ 46ರಷ್ಟು ಕಡಿಮೆ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದರು. ಆ ಅಂಕಿಯನ್ನು ನಾನು ಅಲ್ಲಗಳೆಯಲಿಲ್ಲ, ಅದು ನಿಜ. ಆದರೆ ಅವರು ಗೆರೆ ಎಳೆಯದ ಸಾಲುಗಳನ್ನೂ ಓದಿಸಿದೆ: ಅಲ್ಲಿ ಹೇಳಿರುವುದು ಬದಲಾಗಿ 20 ವರ್ಷಕ್ಕೂ ಹೆಚ್ಚು ಕಳೆದವರ ಬಗ್ಗೆ, ಮತ್ತು ಅಷ್ಟೇ ಹಿಂದೆ ಧೂಮಪಾನವನ್ನೇ ತೊರೆದವರಿಗೆ ಹೋಲಿಸಿದರೆ ಅವರ ಅಪಾಯ ಶೇ 57ರಷ್ಟು ಹೆಚ್ಚು.

"ನಾನು ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುವುದೇ ಇಲ್ಲವಲ್ಲ" ಎಂದರು. ಹಾಗಾದರೆ ತೋರಿಸಿ ಎಂದೆ. ಜೇಬಿನಿಂದ ಪೈಪು ತೆಗೆದು, ತಂಬಾಕು ತುಂಬದೆ, ಬೆಂಕಿಯಿಲ್ಲದೆ, ಸುಮ್ಮನೆ ತುಟಿಗಿಟ್ಟು ಎಳೆದರು. ಭುಜಗಳು ಮೇಲೆದ್ದವು, ಅಂಗಿಯ ಗುಂಡಿಗಳ ನಡುವಿನ ಬಟ್ಟೆ ಬಿಗಿಯಿತು, ಒಂದು ಕ್ಷಣ ಉಸಿರು ಒಳಗೇ ನಿಂತಿತು. ಪಕ್ಕದಲ್ಲಿದ್ದ ಪತ್ನಿ, "ಸಿಗರೇಟು ಸೇದುವಾಗಲೂ ಹೀಗೇ ಎಳೀತಿದ್ರಿ" ಎಂದರು. ಅನಂತರ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರಕ್ಕೆ ಊದಿಸಿದೆ. ಅದು ತೋರಿಸಿದ್ದು ಸಿಗರೇಟು ಸೇದುವವರಲ್ಲಿ ಕಾಣುವಂಥ ಮಟ್ಟವನ್ನು. ಅವರು ಸುಳ್ಳು ಹೇಳಿರಲಿಲ್ಲ. ಎದೆಯ ತುಂಬ ಎಳೆಯುವ ಹಳೆಯ ರೂಢಿ ಅವರ ಅರಿವಿಗೇ ಬಂದಿರಲಿಲ್ಲ.

ಇದಕ್ಕೆ ಕಾರಣವಿದೆ. ಪೈಪಿನ ಹೊಗೆ ಹೆಚ್ಚಾಗಿ ಕ್ಷಾರೀಯವಾದ್ದರಿಂದ ಅದರ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರಬಲ್ಲದು, ಹಾಗಾಗಿ ಮೊದಲಿನಿಂದಲೂ ಪೈಪನ್ನಷ್ಟೇ ಸೇದಿದವರಲ್ಲಿ ಅನೇಕರು ಹೊಗೆಯನ್ನು ಒಳಗೆಳೆಯುವುದಿಲ್ಲ. ಸಿಗರೇಟಿನ ಹೊಗೆ ಆಮ್ಲೀಯವಾದ್ದರಿಂದ ಅದನ್ನು ಸೇದುವವರು ಶ್ವಾಸಕೋಶಕ್ಕೆ ಎಳೆಯಲು ಕಲಿತಿರುತ್ತಾರೆ, ಪೈಪಿಗೆ ಬಂದ ಮೇಲೂ ಎಷ್ಟೋ ಮಂದಿಗೆ ಆ ಕಲಿಕೆ ಬಿಟ್ಟುಹೋಗುವುದಿಲ್ಲ. ಒಳಗೆಳೆಯದವರೂ ಸುರಕ್ಷಿತರಲ್ಲ. ತುಟಿ, ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಅಪಾಯ ಅವರಿಗೂ ಇದೆ.

ಈ ವಯಸ್ಸಿನಲ್ಲಿ ಒಂದು ಪೈಪನ್ನಾದರೂ ಸೇದಲು ಬಿಡಬಾರದೇ ಎಂದು ನನ್ನ ಸಹೋದ್ಯೋಗಿಗಳಲ್ಲೇ ಕೆಲವರು ಕೇಳಿದ್ದಾರೆ. ನಾನು ಒಪ್ಪುವುದಿಲ್ಲ. ಎದೆನೋವು ಕಂಡ ಮನುಷ್ಯನಿಗೆ "ಕಡಿಮೆ ಅಪಾಯ" ಎಂಬ ಮಾತು ನನ್ನ ಬಾಯಿಂದ ಬಂದರೆ ಅದು ಅನುಮತಿಯಾಗುತ್ತದೆ. ಸಿಗರೇಟಿನ ಕಾಲದಲ್ಲಿ ಗೇಟಿನಾಚೆ ನಿಲ್ಲುತ್ತಿದ್ದ ಇವರು ಪೈಪು ಬಂದ ಮೇಲೆ ಮೊಮ್ಮಗು ಆಡುವ ನಡುಮನೆಯಲ್ಲೇ ಕೂರುತ್ತಿದ್ದುದು ಅಂಥ ಅನುಮತಿಯಿಂದಲೇ.

ಪೂರ್ತಿ ಬಿಡಲು ಒಂದು ದಿನ ಗೊತ್ತುಮಾಡಿಕೊಳ್ಳಿ, ಪೈಪುಗಳನ್ನು ಶೋಕೇಸಿನಲ್ಲೂ ಇಡಬೇಡಿ ಎಂದು ಹೇಳಿದೆ. ಹೃದಯದ ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಆರಂಭಿಸಿದರು. ಅದನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯದೆ, ಖಾರವೆನಿಸಿದೊಡನೆ ಕೆನ್ನೆಯ ಬದಿಗೆ ಇಟ್ಟುಕೊಳ್ಳಬೇಕು, ಕಾಫಿ ಕುಡಿದ ಕೂಡಲೇ ಬಾಯಿಗೆ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಲ್ಪಡುವುದಿಲ್ಲ ಎಂಬುದನ್ನು ವಿವರಿಸಿದೆ. ಭೇಟಿಗಳ ನಡುವೆ ಚಡಪಡಿಕೆ ಹೆಚ್ಚಾದರೆ ಕರೆ ಮಾಡಲು 1800-11-2356 ಎಂಬ ಶುಲ್ಕರಹಿತ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಟ್ಟೆ. ಪೈಪು ಬಿಟ್ಟ ಮೇಲೂ ದಂತವೈದ್ಯರಿಗೆ ನಿಯಮಿತವಾಗಿ ಬಾಯಿ ತೋರಿಸಬೇಕು, ಎರಡು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿಯ ಮಚ್ಚೆ ಕಂಡರೆ ತಡಮಾಡಬಾರದು ಎಂದದ್ದನ್ನು ಅವರ ಪತ್ನಿ ಡೈರಿಯಲ್ಲಿ ಬರೆದುಕೊಂಡರು.